ಪರ ವಾದಿಸಲು ವಿರೋಧವನ್ನು ಹುಡುಕಿದೆ: ಲೈಬ್ರರಿ ಡೇಟಾಬೇಸ್ ಬಳಸಿದ ನನ್ನ ಅನುಭವ

ವಾದ ಮಂಡಿಸುವ ಪ್ರಬಂಧ ಬರೆಯಲು ಕೂತವರು ಮೊದಲು ಹುಡುಕಬೇಕಾದದ್ದು ತಮ್ಮ ಪರವಾದ ಮಾತನ್ನಲ್ಲ, ಎದುರಿನವರ ಮಾತನ್ನು. ಇದನ್ನು ನನಗೆ ಕಲಿಸಿದ್ದು ಲೈಬ್ರರಿಯ ಡೇಟಾಬೇಸ್‌ಗಳು. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಹತ್ತನೇ ತರಗತಿ ಓದುತ್ತಿದ್ದಾಗ, 2023ರಲ್ಲಿ, ಇಂಗ್ಲಿಷ್ ಕ್ಲಾಸಿಗೆ ಒಂದು ಪ್ರಬಂಧ ಬರೆದೆ. ಈಗ ಊರಿಂದ ಇಲ್ಲಿಗೆ ಬರುವ ಮಕ್ಕಳು, ಅವರ ಅಪ್ಪ ಅಮ್ಮಂದಿರು ಅದನ್ನು ಹೇಗೆ ಮಾಡಿದೆ ಎಂದು ಕೇಳುತ್ತಿರುತ್ತಾರೆ. ಹಾಗಾಗಿ ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತಿದ್ದೇನೆ.

ಹಾಸನದಲ್ಲಿ ಓದುವಾಗ ನಮಗೆ ಪ್ರಬಂಧ ಎಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪರ, ವಿರೋಧ ಎಲ್ಲ ಚರ್ಚಾಸ್ಪರ್ಧೆಯ ದಿನಕ್ಕೆ. ಅಲ್ಲೂ ನಮ್ಮ ಪಾಲಿಗೆ ಒಂದೇ ಪಕ್ಷ ಬರುತ್ತಿತ್ತು. ಇಲ್ಲಿ ಒಂದೇ ಪ್ರಬಂಧದೊಳಗೆ ಎರಡೂ ಬೇಕು. ನಮ್ಮ ಕ್ಲೇಮ್ ಅಂದರೆ ವಾದ, ಅದಕ್ಕೆ ಎವಿಡೆನ್ಸ್ ಅಂದರೆ ಆಧಾರ, ಆಮೇಲೆ ಎದುರಿನವರ ಕೌಂಟರ್‌ಕ್ಲೇಮ್ ಅಂದರೆ ಪ್ರತಿವಾದ, ಅದಕ್ಕೆ ನಮ್ಮ ಉತ್ತರ. ಎದುರಿನವರು ಓದಿದರೆ ‘ಹೌದು, ನಾವು ಹೇಳೋದು ಇದನ್ನೇ’ ಅನ್ನುವ ಹಾಗೆ ಅವರ ವಾದವನ್ನು ಬರೆಯಬೇಕು ಎಂದು ಟೀಚರ್ ಹೇಳಿದ್ದರು. ಇಡೀ ಕೆಲಸದಲ್ಲಿ ಕಷ್ಟದ ಭಾಗ ಅದೇ.

ನಾನು ಆರಿಸಿಕೊಂಡ ವಿಷಯ ಹೈಸ್ಕೂಲಿನ ಬೆಳಗಿನ ಗಂಟೆ. ಅದು ಎಂಟೂವರೆಗಿಂತ ಮೊದಲು ಹೊಡೆಯಬಾರದು ಎನ್ನುವುದು ನನ್ನ ವಾದ. ಕ್ಯಾಲಿಫೋರ್ನಿಯಾದಲ್ಲಿ ಇದು ಆಗಲೇ ಕಾನೂನಾಗಿತ್ತು. 2019ರಲ್ಲಿ ರಾಜ್ಯಪಾಲ ಗ್ಯಾವಿನ್ ನ್ಯೂಸಮ್ ಸಹಿ ಹಾಕಿದರು, 2022ರ ಜುಲೈನಿಂದ ಜಾರಿಗೆ ಬಂತು. ಹೈಸ್ಕೂಲು 8:30ಕ್ಕಿಂತ ಮೊದಲು, ಮಿಡಲ್ ಸ್ಕೂಲು 8:00ಕ್ಕಿಂತ ಮೊದಲು ಶುರುವಾಗುವಂತಿಲ್ಲ. ಹಳ್ಳಿಗಾಡಿನ ಶಾಲೆಗಳಿಗೆ ವಿನಾಯಿತಿ ಇದೆ. ಬೇರೆ ರಾಜ್ಯಗಳೂ ಹೀಗೆ ಮಾಡಲಿ ಎಂದು ಬರೆಯಲು ಹೊರಟೆ. ಓದುವವರಿಗೆ ಇದು ಸುಲಭದ ವಿಷಯ ಅನ್ನಿಸಬಹುದು. ನಿದ್ದೆ ಜಾಸ್ತಿ ಬೇಕು ಎಂದರೆ ಯಾವ ವಿದ್ಯಾರ್ಥಿ ಬೇಡ ಅಂತಾನೆ?

ಗೂಗಲ್‌ನಲ್ಲಿ ಹುಡುಕಿದರೆ ಬೇಕಾದಷ್ಟು ಸಿಗುತ್ತದೆ. ಆದರೆ ನಿದ್ದೆಯ ಬಗ್ಗೆ ಬರೆದವರಲ್ಲಿ ಹಾಸಿಗೆ ಮಾರುವವರೂ ಇರುತ್ತಾರೆ. ಅವರು ಕೊಡುವ ಅಂಕಿ ಸುಳ್ಳೇ ಆಗಿರಬೇಕೆಂದಿಲ್ಲ, ಆದರೆ ಅದು ಎಲ್ಲಿಂದ ಬಂತು ಎಂದು ಹಿಂದೆ ಹೋದರೆ ದಾರಿ ಅರ್ಧಕ್ಕೇ ನಿಲ್ಲುತ್ತದೆ. ಶಾಲೆಯ ಲೈಬ್ರರಿಯನ್ ನನ್ನನ್ನು ಡೇಟಾಬೇಸ್‌ಗಳ ಪಟ್ಟಿಯ ಮುಂದೆ ಕೂರಿಸಿದ್ದು ಇದಕ್ಕೇ.

ಡೇಟಾಬೇಸ್ ಎಂದರೆ ಹೆದರಬೇಡಿ. ಪತ್ರಿಕೆ, ನಿಯತಕಾಲಿಕ, ಸಂಶೋಧನಾ ಲೇಖನಗಳನ್ನು ಒಟ್ಟುಮಾಡಿ, ವಿಷಯವಾರು ಗುರುತು ಹಾಕಿ ಇಟ್ಟಿರುವ ಸಂಗ್ರಹ ಅಷ್ಟೆ. ಹಣ ಲೈಬ್ರರಿ ಕಟ್ಟುತ್ತದೆ, ನಾವು ಸುಮ್ನೆ ಬಳಸಬಹುದು. ಕ್ಯಾಲಿಫೋರ್ನಿಯಾದ ರಾಜ್ಯ ಗ್ರಂಥಾಲಯ 2018ರಲ್ಲಿ ಸರ್ಕಾರಿ ಶಾಲೆಗಳಿಗೆ ಬ್ರಿಟಾನಿಕಾ, ಪ್ರೊಕ್ವೆಸ್ಟ್ ಮುಂತಾದವನ್ನು ಕೊಡಿಸಲು ಶುರು ಮಾಡಿತು. ಜಾರ್ಜಿಯಾದಲ್ಲಿ ಇಂಥದ್ದೇ ವ್ಯವಸ್ಥೆಯ ಹೆಸರು ಗೆಲಿಲಿಯೊ, ಅದು 1995ರಷ್ಟು ಹಳೆಯದು. ಟೆಕ್ಸಸ್‌ನಲ್ಲಿ ಟೆಕ್ಸ್‌ಕ್ವೆಸ್ಟ್. ಶಾಲೆಯಲ್ಲಿ ಇಲ್ಲದ್ದು ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಇರುತ್ತದೆ. ಕಾರ್ಡ್ ನಂಬರ್, ಪಿನ್ ಹಾಕಿದರೆ ಮನೆಯಿಂದಲೇ ತೆರೆಯುತ್ತದೆ. ಹೊಸದಾಗಿ ಬಂದ ಕುಟುಂಬಗಳಿಗೆ ನಾನು ಮೊದಲು ಹೇಳುವುದು ಇದನ್ನೇ: ಮನೆ ವಿಳಾಸದ ಪುರಾವೆ ಕೈಗೆ ಬಂದ ಕೂಡಲೇ ಲೈಬ್ರರಿ ಕಾರ್ಡ್ ಮಾಡಿಸಿ.

ಇನ್ನು ಹುಡುಕುವ ರೀತಿ. ನಾವು ಮಾತಾಡುವ ಹಾಗೆ ಕೇಳಿದರೆ ಗೂಗಲ್‌ಗೆ ಅರ್ಥವಾಗುತ್ತದೆ. ಡೇಟಾಬೇಸ್‌ಗೆ ಇಡೀ ವಾಕ್ಯ ಹಾಕಿದರೆ ಸಂಬಂಧವೇ ಇಲ್ಲದ್ದು ಬರುತ್ತದೆ, ಇಲ್ಲವೇ ಏನೂ ಬರುವುದಿಲ್ಲ. ಅಲ್ಲಿಗೆ ಬೇಕಿರುವುದು ಆ ವಿಷಯದವರು ಬಳಸುವ ಪದ. ಅದನ್ನು ಕಂಡುಕೊಳ್ಳಲು ಒಂದು ಒಳ್ಳೆಯ ಲೇಖನ ಸಿಕ್ಕರೆ ಸಾಕು. ಲೇಖನದ ವಿವರಗಳ ಜೊತೆಗೆ ‘ಸಬ್ಜೆಕ್ಟ್ಸ್’ ಎಂಬ ಸಾಲು ಇರುತ್ತದೆ. ಹದಿಹರೆಯದವರ ನಿದ್ದೆಯ ಬಗ್ಗೆ ಸಂಶೋಧಕರು ಟೀನೇಜರ್ ಎನ್ನುವುದಕ್ಕಿಂತ ಅಡೊಲೆಸೆಂಟ್ ಎಂದೇ ಜಾಸ್ತಿ ಬರೆಯುತ್ತಾರೆ ಎಂದು ಅಲ್ಲಿ ಗೊತ್ತಾಯಿತು. ‘ಸ್ಲೀಪ್ ಡಿಪ್ರೈವೇಶನ್’ (ನಿದ್ದೆಯ ಕೊರತೆ), ‘ಸರ್ಕೇಡಿಯನ್ ರಿದಮ್ಸ್’ (ದೇಹದ ಹಗಲುರಾತ್ರಿಯ ಲಯ) ಎಂಬ ಪದಗಳೂ ಅಲ್ಲೇ ಸಿಕ್ಕವು. ‘ಸ್ಕೂಲ್ ಸ್ಟಾರ್ಟ್ ಟೈಮ್’ ಎಂಬುದನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿದೆ, ಮೂರೂ ಪದ ಒಟ್ಟಿಗೇ ಇರುವ ಲೇಖನ ಮಾತ್ರ ಬರಲಿ ಎಂದು. ಎರಡು ವಿಷಯ ಸೇರಿಸಲು ನಡುವೆ ‘ಆ್ಯಂಡ್’. ಎರಡರಲ್ಲಿ ಯಾವುದಾದರೂ ಸರಿ ಎಂದಾದರೆ ‘ಆರ್’. ‘ಅಡೊಲೆಸೆನ್’ ತನಕ ಬರೆದು ನಕ್ಷತ್ರದ ಗುರುತು ಹಾಕಿದರೆ ಅಡೊಲೆಸೆಂಟ್, ಅಡೊಲೆಸೆನ್ಸ್ ಎರಡೂ ಬರುತ್ತವೆ. ಆಮೇಲೆ ಪಕ್ಕದಲ್ಲಿರುವ ಫಿಲ್ಟರ್‌ಗಳಲ್ಲಿ ‘ಫುಲ್ ಟೆಕ್ಸ್ಟ್’ಗೆ, ಅಂದರೆ ಪೂರ್ತಿ ಲೇಖನ ಸಿಗುವಂಥದ್ದಕ್ಕೆ, ಗುರುತು ಹಾಕಿ, ವರ್ಷಗಳನ್ನು ಕಟ್ಟುಮಾಡಿ. ಇಷ್ಟು ಬಂದರೆ ಮುಕ್ಕಾಲು ಕೆಲಸ ಬಂದ ಹಾಗೆ.

ಶುರು ಮಾಡಲು ನನಗೆ ಜಾಸ್ತಿ ನೆರವಾದದ್ದು ಗೇಲ್ ಸಂಸ್ಥೆಯ ಆಪೋಸಿಂಗ್ ವ್ಯೂಪಾಯಿಂಟ್ಸ್. ಅದರಲ್ಲಿ ಒಂದೊಂದು ವಿವಾದಕ್ಕೂ ಒಂದು ಪುಟ ಇರುತ್ತದೆ. ಮೊದಲು ಪರಿಚಯ, ಕೆಳಗೆ ಪರ ವಿರೋಧದ ಲೇಖನಗಳು, ಸುದ್ದಿ, ಸಂಶೋಧನೆ, ಅಂಕಿಅಂಶ ಬೇರೆ ಬೇರೆಯಾಗಿ. ಲೇಖನ ಎಷ್ಟು ಕಷ್ಟದ್ದು ಎಂಬ ಮಟ್ಟವನ್ನೂ ತೋರಿಸುತ್ತದೆ, ಗಟ್ಟಿಯಾಗಿ ಓದಿ ಹೇಳುವ ಬಟನ್ ಕೂಡ ಇದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇದು ದೊಡ್ಡ ಆಸರೆ. ಕೇಳುತ್ತಾ ಓದಿದರೆ ಉದ್ದದ ಲೇಖನವೂ ಮುಗಿಯುತ್ತದೆ.

ಪರವಾದ ಮಾತು ಬೇಗ ಸಿಕ್ಕಿತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲೇ ಮಿಡಲ್ ಸ್ಕೂಲು, ಹೈಸ್ಕೂಲುಗಳು 8:30ಕ್ಕಿಂತ ಮೊದಲು ಶುರುವಾಗಬಾರದು ಎಂದು ಹೇಳಿತ್ತು. ಹರೆಯದಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ, ರಾತ್ರಿ ಹನ್ನೊಂದರ ಒಳಗೆ ನಿದ್ದೆ ಹತ್ತುವುದೇ ಕಷ್ಟ, ಇದು ಸೋಮಾರಿತನ ಅಲ್ಲ ಎನ್ನುವುದು ಅವರ ಮಾತು. ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2015ರಲ್ಲಿ ಕೊಟ್ಟ ಲೆಕ್ಕದಲ್ಲಿ 2011-12ರಲ್ಲಿ ದೇಶದ ಮಿಡಲ್ ಸ್ಕೂಲು, ಹೈಸ್ಕೂಲುಗಳ ಸರಾಸರಿ ಸಮಯ 8:03. ಎಂಟೂವರೆಗೋ ಅದರ ನಂತರವೋ ಶುರುವಾಗುವ ಶಾಲೆ ಐದರಲ್ಲಿ ಒಂದೂ ಇರಲಿಲ್ಲ.

ಸಿಯಾಟಲ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅಲ್ಲಿ 2016ರಲ್ಲಿ ಹೈಸ್ಕೂಲಿನ ಸಮಯ 7:50ರಿಂದ 8:45ಕ್ಕೆ ಹೋಯಿತು. ಮಕ್ಕಳು ದಿನಕ್ಕೆ 34 ನಿಮಿಷ ಜಾಸ್ತಿ ಮಲಗಿದರು ಎಂದು ಒಂದು ಸುದ್ದಿ ಲೇಖನದಲ್ಲಿತ್ತು. ಅಷ್ಟನ್ನೇ ಎತ್ತಿ ಬರೆಯಬಹುದಿತ್ತು. ಆದರೆ ಸುದ್ದಿಯೊಳಗೆ ಸಂಶೋಧನೆಯ ಹೆಸರಿದ್ದರೆ ಮೂಲ ಲೇಖನ ತೆಗೆಯಲೇಬೇಕು, ಈ ಹಟ ನನಗೆ ಅಲ್ಲಿಂದಲೇ ಬಂತು. ಲೇಖನ 2018ರ ಡಿಸೆಂಬರ್‌ನಲ್ಲಿ ಸೈನ್ಸ್ ಅಡ್ವಾನ್ಸಸ್ ಎಂಬ ಸಂಶೋಧನಾ ಪತ್ರಿಕೆಯಲ್ಲಿ ಬಂದಿದೆ, ಯಾರು ಬೇಕಾದರೂ ಓದಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಎರಡು ಹೈಸ್ಕೂಲುಗಳ ಮಕ್ಕಳ ಕೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿತ್ತು. ಮಕ್ಕಳು ಬಾಯಲ್ಲಿ ಹೇಳಿದ ನಿದ್ದೆಯಲ್ಲ, ಅಳೆದ ನಿದ್ದೆ. 6 ಗಂಟೆ 50 ನಿಮಿಷ ಇದ್ದದ್ದು 7 ಗಂಟೆ 24 ನಿಮಿಷ ಆಗಿತ್ತು.

ಮೂಲ ಓದಿದ್ದರಿಂದ ಇನ್ನೂ ಎರಡು ವಿಷಯ ತಿಳಿಯಿತು. ಒಂದು, ಗಂಟೆ ತಡವಾಯಿತು ಎಂದು ಮಕ್ಕಳು ರಾತ್ರಿ ಅಷ್ಟೇ ತಡವಾಗಿ ಮಲಗಲಿಲ್ಲ. ‘ಇನ್ನೂ ಹೊತ್ತು ಫೋನ್ ನೋಡ್ತಾರೆ ಅಷ್ಟೇ’ ಎನ್ನುವ ದೊಡ್ಡವರಿಗೆ ಇದು ನೇರ ಉತ್ತರ. ಇನ್ನೊಂದು, ಮೊದಲ ವರ್ಷ ಅಳೆದ ಮಕ್ಕಳು ಬೇರೆ, ಎರಡನೇ ವರ್ಷದವರು ಬೇರೆ. ಒಂದೊಂದು ವರ್ಷ ಸುಮಾರು ತೊಂಬತ್ತು ಮಕ್ಕಳು. ಇದು ಸಣ್ಣ ಅಧ್ಯಯನ. ಈ ಮಿತಿಯನ್ನು ಪ್ರಬಂಧದಲ್ಲಿ ನಾನೇ ಬರೆದೆ. ಓದುವವರು ಕಂಡುಹಿಡಿಯುವ ಮೊದಲು ನಾವೇ ಹೇಳಿಬಿಟ್ಟರೆ ಉಳಿದ ಮಾತಿಗೂ ಬೆಲೆ ಬರುತ್ತದೆ.

ಇದೆಲ್ಲ ನಮ್ಮ ಪಕ್ಷ. ಎದುರಿನ ಪಕ್ಷಕ್ಕೆ ಹುಡುಕುವ ಪದವನ್ನೇ ಬದಲಿಸಬೇಕಾಯಿತು. ನಿದ್ದೆ ಎಂದು ಹುಡುಕಿದರೆ ವೈದ್ಯರು ಬರುತ್ತಾರೆ, ವಿರೋಧಿಸಿದವರು ಬರುವುದಿಲ್ಲ. ಯಾಕೆಂದರೆ ಅವರ ತಕರಾರು ನಿದ್ದೆಯ ಮೇಲೆ ಅಲ್ಲ. ‘ಸ್ಕೂಲ್ ಸ್ಟಾರ್ಟ್ ಟೈಮ್’ ಜೊತೆಗೆ ಆ್ಯಂಡ್ ಹಾಕಿ ಬಸ್, ಆರ್ ಹಾಕಿ ಟ್ರಾನ್ಸ್‌ಪೋರ್ಟೇಶನ್, ಚೈಲ್ಡ್‌ಕೇರ್ ಎಂದು ಕೊಟ್ಟು, ಪತ್ರಿಕೆಗಳ ಡೇಟಾಬೇಸ್‌ನಲ್ಲಿ ಹುಡುಕಿದೆ. ಆಗ ಬಾಸ್ಟನ್ ಬಂತು.

ಅಮೆರಿಕದ ಎಷ್ಟೋ ಊರುಗಳಲ್ಲಿ ಒಂದೇ ಹಳದಿ ಬಸ್ಸು ಬೆಳಗ್ಗೆ ಎರಡು ಮೂರು ಸುತ್ತು ಹೊಡೆಯುತ್ತದೆ. ಮೊದಲ ಸುತ್ತು ಹೈಸ್ಕೂಲಿಗೆ, ಆಮೇಲೆ ಸಣ್ಣ ಮಕ್ಕಳಿಗೆ. ದೊಡ್ಡವರನ್ನು ಹಿಂದಕ್ಕೆ ತಳ್ಳಿದರೆ ಸಣ್ಣವರು ಮುಂದಕ್ಕೆ ಬರಲೇಬೇಕು, ಇಲ್ಲದಿದ್ದರೆ ಬಸ್ಸು, ಡ್ರೈವರ್ ಜಾಸ್ತಿ ಬೇಕು. ಬಾಸ್ಟನ್ 2017ರಲ್ಲಿ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರ ಲೆಕ್ಕಾಚಾರದಿಂದ ಹೊಸ ವೇಳಾಪಟ್ಟಿ ಮಾಡಿಸಿತು. ಅದರಲ್ಲಿ ಹೈಸ್ಕೂಲಿನವರಿಗೆ ತಡವಾದ ಗಂಟೆ ಇತ್ತು. ಆದರೆ ಕೆಲವು ಪ್ರಾಥಮಿಕ ಶಾಲೆಗಳು ಬೆಳಗ್ಗೆ 7:15ಕ್ಕೆ ಶುರುವಾಗಿ ಮಧ್ಯಾಹ್ನ 1:15ಕ್ಕೆ ಬಿಡಬೇಕು ಎಂದಿತ್ತು. ಒಂದೂಕಾಲಿಗೆ ಮನೆಗೆ ಬರುವ ಆರು ವರ್ಷದ ಮಗುವನ್ನು ನೋಡಿಕೊಳ್ಳುವವರು ಯಾರು? ಪಾಲಕರು ಸಿಟ್ಟಿಗೆದ್ದರು. ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ ಯೋಜನೆಯನ್ನು ಅದೇ ಡಿಸೆಂಬರ್‌ನಲ್ಲಿ ಹಿಂದಕ್ಕೆ ತೆಗೆದುಕೊಂಡರು.

ಇದನ್ನು ಓದಿದ ಮೇಲೆ ಎದುರಿನವರ ಬಗ್ಗೆ ಉಡಾಫೆಯಿಂದ ಬರೆಯಲು ಸಾಧ್ಯವೇ ಇರಲಿಲ್ಲ. ನನ್ನ ತಮ್ಮ ಆಗ ಪ್ರಾಥಮಿಕ ಶಾಲೆಯಲ್ಲಿದ್ದ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದರು. ಆ ವೇಳಾಪಟ್ಟಿ ನಮ್ಮ ಮನೆಗೆ ಬಂದಿದ್ದರೆ ನಾವೂ ವಿರೋಧಿಸುತ್ತಿದ್ದೆವು. ಇನ್ನೊಂದು ಗಟ್ಟಿ ವಾದ ಕ್ಯಾಲಿಫೋರ್ನಿಯಾದಲ್ಲೇ ಇತ್ತು. ಇದೇ ಮಸೂದೆಯನ್ನು 2018ರಲ್ಲಿ ಹಿಂದಿನ ರಾಜ್ಯಪಾಲ ಜೆರ್ರಿ ಬ್ರೌನ್ ತಳ್ಳಿಹಾಕಿದ್ದರು. ಎಲ್ಲ ಊರಿಗೂ ಒಂದೇ ಅಳತೆ ಬೇಡ, ಆಯಾ ಊರಿನವರೇ ತೀರ್ಮಾನಿಸಲಿ ಎನ್ನುವುದು ಅವರ ನಿಲುವು. ರಾಜ್ಯದ ಶಿಕ್ಷಕರ ಸಂಘವೂ ಮಸೂದೆಗೆ ವಿರುದ್ಧ ಇತ್ತು.

ಹೀಗೆ ನನ್ನ ಕ್ಲೇಮ್ ಬೇರೆ ರೂಪ ಪಡೆಯಿತು. ‘ಎಲ್ಲ ರಾಜ್ಯಗಳೂ ಎಂಟೂವರೆ ಕಾನೂನು ತರಲಿ’ ಎಂದಷ್ಟೇ ಇದ್ದದ್ದು, ‘ರಾಜ್ಯವೇ ಕಾನೂನು ತರಲಿ, ಆದರೆ ಕೆಲವು ವರ್ಷಗಳ ಸಮಯ, ಬಸ್ಸಿಗೆ ಹಣ, ಸಣ್ಣ ಮಕ್ಕಳ ವೇಳೆಗೆ ರಕ್ಷಣೆ ಜೊತೆಗೇ ಕೊಡಲಿ’ ಎಂದಾಯಿತು. ಉತ್ತರವೂ ಅಲ್ಲೇ ಸಿಕ್ಕಿತು. ಬಾಸ್ಟನ್ ಪಾಲಕರಿಗೆ ಮುಂದಿನ ಶಾಲಾ ವರ್ಷಕ್ಕೇ ಬದಲಾಗಿ ಎಂದಿತು. ಕ್ಯಾಲಿಫೋರ್ನಿಯಾ ಸಹಿ ಮತ್ತು ಜಾರಿಯ ನಡುವೆ ಎರಡೂವರೆ ವರ್ಷಕ್ಕಿಂತ ಹೆಚ್ಚು ಕೊಟ್ಟಿತು. ಮೊದಲಿನ ಕ್ಲೇಮ್ ಇಟ್ಟುಕೊಂಡಿದ್ದರೆ ಈ ಹೋಲಿಕೆ ಮಾಡಲು ಜಾಗವೇ ಇರುತ್ತಿರಲಿಲ್ಲ.

ಬಿಟ್ಟದ್ದರ ಬಗ್ಗೆಯೂ ಹೇಳಬೇಕು. ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ 2017ರಲ್ಲಿ, ದೇಶವಿಡೀ 8:30 ಮಾಡಿದರೆ ಹತ್ತು ವರ್ಷದಲ್ಲಿ ಆರ್ಥಿಕತೆಗೆ 83 ಶತಕೋಟಿ ಡಾಲರ್ ಲಾಭ ಎಂದು ಅಂದಾಜು ಮಾಡಿತ್ತು. ದೊಡ್ಡ ಅಂಕಿ, ಕಣ್ಣಿಗೆ ಹೊಡೆಯುತ್ತದೆ. ಆದರೆ ಅದು ಅಳೆದದ್ದಲ್ಲ, ಮಾದರಿ ಹಾಕಿ ಲೆಕ್ಕ ಮಾಡಿದ್ದು. ಆ ಮಾದರಿಯನ್ನು ನನ್ನ ಮಾತಿನಲ್ಲಿ ವಿವರಿಸಲು ಆಗಲಿಲ್ಲ. ವಿವರಿಸಲಾಗದ ಅಂಕಿಯನ್ನು ಪ್ರಬಂಧಕ್ಕೆ ಹಾಕಬಾರದು ಎನ್ನುವುದು ನನ್ನ ನಿಯಮ.

ಟಿಪ್ಪಣಿ ಮಾಡಿಕೊಳ್ಳಲು ಎರಡು ಕಾಲಂ ಸಾಕಾಯಿತು. ಎಡಗಡೆ ಲೇಖನದ ಮಾತು ಇದ್ದ ಹಾಗೇ, ಬಲಗಡೆ ನನ್ನ ಮಾತಿನಲ್ಲಿ. ಬಲಗಡೆಯದನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳುತ್ತಿದ್ದೆ. ಇದನ್ನು ಎಲ್ಲ ಕನ್ನಡದ ಮಕ್ಕಳಿಗೂ ಹೇಳುತ್ತೇನೆ. ಕನ್ನಡದಲ್ಲಿ ಬರೆದುಕೊಂಡರೆ ಇಂಗ್ಲಿಷ್ ವಾಕ್ಯವನ್ನು ಗೊತ್ತಿಲ್ಲದೆ ನಕಲು ಮಾಡುವ ಭಯವೇ ಇಲ್ಲ, ಅರ್ಥವಾಗಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ‘ಸೈಟ್’ ಬಟನ್ ಒತ್ತಿದರೆ ಎಂಎಲ್‌ಎ (ಇಲ್ಲಿ ಮೂಲಗಳನ್ನು ನಮೂದಿಸುವ ಒಂದು ಪದ್ಧತಿ) ರೀತಿಯ ಉಲ್ಲೇಖ ತಾನೇ ಬರುತ್ತದೆ. ದೊಡ್ಡಕ್ಷರ, ದಿನಾಂಕ ಸರಿ ಇದೆಯೇ ಎಂದು ಒಮ್ಮೆ ನೋಡಿ. ಬ್ರೌಸರ್‌ನ ಮೇಲಿರುವ ವಿಳಾಸವನ್ನು ಉಳಿಸಿಕೊಂಡರೆ ಮರುದಿನ ತೆರೆಯದೇ ಇರಬಹುದು, ಲೇಖನದ ಬದಲಾಗದ ವಿಳಾಸವಾದ ‘ಪರ್ಮಾಲಿಂಕ್’ ಇಟ್ಟುಕೊಳ್ಳಿ.

ನಾನು ಬರೆಯುವಾಗ ಫ್ಲೋರಿಡಾ ಕೂಡ ಇಂಥ ಕಾನೂನು ಮಾಡಿತ್ತು, 2026ರಿಂದ ಜಾರಿಯಾಗಬೇಕಿತ್ತು. 2025ರಲ್ಲಿ ಆ ಕಡ್ಡಾಯವನ್ನು ಅವರೇ ತೆಗೆದುಹಾಕಿದರು. ಅಲ್ಲಿನ ಶಾಲಾ ಆಡಳಿತಗಳು ಮುಂದಿಟ್ಟದ್ದು ಮತ್ತೆ ಬಸ್ಸಿನ ಖರ್ಚನ್ನೇ. ಈ ವಿಷಯದ ಮೇಲೆ ಈಗ ಬರೆಯುವವರು ಹುಡುಕಾಟವನ್ನು ಕಳೆದ ಎರಡು ವರ್ಷಕ್ಕೆ ಕಟ್ಟುಮಾಡಿ ಇನ್ನೊಮ್ಮೆ ನೋಡಲೇಬೇಕು.

ಊರಿನಲ್ಲಿರುವವರಿಗೂ ಒಂದು ಮಾತು. ಅದೇ 2023ರಲ್ಲಿ ಬೆಂಗಳೂರಿನ ಟ್ರಾಫಿಕ್ ವಿಚಾರದಲ್ಲಿ ಹೈಕೋರ್ಟ್ ಶಾಲೆಯ ಸಮಯ ಬದಲಿಸುವ ಬಗ್ಗೆ ಯೋಚಿಸಲು ಸರ್ಕಾರಕ್ಕೆ ಹೇಳಿತ್ತು. ಇನ್ನೂ ಬೇಗ ಶುರು ಮಾಡುವ ಮಾತು ಬಂದಾಗ ಶಾಲೆಗಳು, ಪಾಲಕರು ಒಪ್ಪಲಿಲ್ಲ. ಹಾಸನದಲ್ಲಿರುವ ನನ್ನ ಚಿಕ್ಕಪ್ಪನ ಮಗ ಚರ್ಚಾಸ್ಪರ್ಧೆಗೆ ಇದನ್ನೇ ತೆಗೆದುಕೊಂಡು, ‘ಅಕ್ಕ, ನಮಗೆ ನಿಮ್ಮ ಡೇಟಾಬೇಸ್ ಎಲ್ಲಿಂದ ಬರಬೇಕು?’ ಎಂದು ಫೋನ್ ಮಾಡಿದ. ಹಣ ಕಟ್ಟುವ ಡೇಟಾಬೇಸ್ ಬೇಕಿಲ್ಲ. ಶಿಕ್ಷಣದ ವಿಷಯಕ್ಕೆ ಎರಿಕ್ ಇದೆ, ಅಮೆರಿಕ ಸರ್ಕಾರದ್ದು, 1960ರ ದಶಕದಿಂದ ನಡೆಯುತ್ತಿದೆ, ಎಲ್ಲಿಂದ ಬೇಕಾದರೂ ಉಚಿತ. ಆರೋಗ್ಯಕ್ಕೆ ಪಬ್‌ಮೆಡ್. ನಮ್ಮ ದೇಶದ್ದೇ ಆದ ನ್ಯಾಷನಲ್ ಡಿಜಿಟಲ್ ಲೈಬ್ರರಿಯನ್ನು ಐಐಟಿ ಖರಗಪುರ ನಡೆಸುತ್ತದೆ. ಅವನಿಗೆ ಎರಿಕ್ ತೆರೆಸಿ, ‘ಪಿಯರ್ ರಿವ್ಯೂಡ್’ (ಬೇರೆ ತಜ್ಞರು ಪರಿಶೀಲಿಸಿದ್ದು) ಮತ್ತು ‘ಫುಲ್ ಟೆಕ್ಸ್ಟ್’ ಎರಡಕ್ಕೂ ಗುರುತು ಹಾಕಿಸಿದೆ. ಮೊದಲು ವಿರೋಧ ಪಕ್ಷಕ್ಕೆ ಹುಡುಕು ಎಂದೆ. ಅವನು ‘ಟ್ರಾನ್ಸ್‌ಪೋರ್ಟೇಶನ್’ ಎಂದು ಟೈಪ್ ಮಾಡಲು ಶುರು ಮಾಡಿದ.