ಉಪ್ಪುನೀರಿನ ಟ್ಯಾಂಕಿಗೊಂದು ಪಾಚಿ ಬಲೆ

ಬದಿಯಡ್ಕದ ನನ್ನ ಭಾವನ ಮನೆಯಲ್ಲಿ 60 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇದೆ. ಒಳಗೆ ಎರಡೇ ಎರಡು ಕ್ಲೌನ್ ಮೀನು. ಹೋದ ವರ್ಷ ಗಾಜು, ಕಲ್ಲು, ಮರಳು ಎಲ್ಲದರ ಮೇಲೂ ಕೂದಲಿನಂಥ ಪಾಚಿ. ಮೀನಿನ ಕಸ, ಉಳಿದ ಆಹಾರದಿಂದ ನೀರಿಗೆ ಸೇರಿ ಪಾಚಿಗೆ ಗೊಬ್ಬರವಾಗುವುದು ನೈಟ್ರೇಟ್. ಭಾವ ಅದನ್ನು ಇಳಿಸುವ ಯಾವುದೋ ದ್ರವ ತಂದು ಎರಡು ಮುಚ್ಚಳ ಸುರಿದರು. ಬೆಳಗಾಗುವಾಗ ನೀರು ಗಂಜಿ ತಿಳಿಯ ಹಾಗೆ ಬೆಳ್ಳಗೆ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ‘ಇದೆಂತ ಮಾರಾಯಾ ಹೀಗಾಯ್ತು?’ ಅಂತ ನನಗೆ ಫೋನು.

ಇಂಥ ಎಷ್ಟೋ ಬಾಟಲಿಗಳಲ್ಲಿ ಇರುವುದು ಬ್ಯಾಕ್ಟೀರಿಯಾಗಳಿಗೆ ಊಟ. ವಿನೆಗರ್, ಸಕ್ಕರೆಯ ಜಾತಿಯದ್ದು. ಅದನ್ನು ತಿಂದು ಅವು ಹೆಚ್ಚುತ್ತವೆ. ನೈಟ್ರೇಟನ್ನೂ ಪಾಚಿಯ ಇನ್ನೊಂದು ಗೊಬ್ಬರವಾದ ಫಾಸ್ಫೇಟನ್ನೂ ಹೀರುತ್ತವೆ, ಜೊತೆಗೆ ನೀರಿನ ಆಮ್ಲಜನಕವನ್ನೂ ಮುಗಿಸುತ್ತವೆ. ಆ ಬ್ಯಾಕ್ಟೀರಿಯಾಗಳನ್ನು ನೊರೆಯ ಜೊತೆ ಹೊರಗೆಳೆಯುವ ಸ್ಕಿಮ್ಮರ್ ಇಲ್ಲದ ಸಣ್ಣ ಟ್ಯಾಂಕಿಗೆ ಇದು ಬೇಡವೇ ಬೇಡ. ಬರೀ ನೀರು ಬದಲಿಸುತ್ತಾ ಕೂತರೂ ಸಾಲದು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ಇದ್ದಾಗ ಶೇ 10ರಷ್ಟು ನೀರು ಬದಲಿಸಿದರೆ ಇಳಿಯುವುದು 36ಕ್ಕೆ. ಆ ವಾರದ ಆಹಾರ ಅದನ್ನು ಮತ್ತೆ ಏರಿಸುತ್ತದೆ.

ಪಾಚಿ ಹೇಗೂ ಬೆಳೆಯುತ್ತದೆ, ಅಲ್ವಾ? ನಾವು ಹೇಳಿದ ಜಾಗದಲ್ಲಿ ಬೆಳೆಯಲಿ. ಒಂದು ಒರಟು ಬಲೆ, ಮೇಲಿಂದ ಹರಿಯುವ ನೀರು, ಜೋರು ಬೆಳಕು. ಬಲೆಯ ಪಾಚಿ ನೈಟ್ರೇಟ್ ಹೀರಿಕೊಳ್ಳುತ್ತದೆ, ನಾವು ಅದನ್ನು ಕೆರೆದು ಹೊರಗೆ ಹಾಕುತ್ತೇವೆ.

ಮೊದಲು ಆಹಾರ ಕಡಿಮೆ ಮಾಡಿ. ಐಸಿನ ಸಿಗಡಿ ಹಾಕುವವರು ತೊಳೆದು ಹಾಕಿ.

ಆಮೇಲೆ ನೀರು. ಕಡಲ ನೀರು ನಮಗೆ ಪುಕ್ಕಟೆ. ಆದರೆ ಕಾಸರಗೋಡು ಜಿಲ್ಲೆಯಲ್ಲಿ 12 ನದಿಗಳಿವೆ. ಚಂದ್ರಗಿರಿಯೋ ಮೊಗ್ರಾಲ್ ಹೊಳೆಯೋ ಕಡಲು ಸೇರುವ ಕಡೆ ತುಂಬಿಸಿದರೆ ಸಪ್ಪೆ ನೀರು ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಲೇಬೇಡಿ. ಬೇಸಗೆಯಲ್ಲಿ, ಅಳಿವೆಯಿಂದ ದೂರ, ಉಬ್ಬರದ ಹೊತ್ತಿಗೆ ತನ್ನಿ. ಉಪ್ಪಿನಂಶ ನೋಡುವ ಹೈಡ್ರೋಮೀಟರ್ 1.025ರ ಹತ್ತಿರ ತೋರಿಸಬೇಕು. ಆವಿಯಾಗಿ ಹೋಗುವುದು ನೀರು, ಉಪ್ಪಲ್ಲ. ಹಾಗಾಗಿ ಇಳಿದ ಮಟ್ಟಕ್ಕೆ ಆರ್‌ಒ ಸಿಹಿನೀರು ಸೇರಿಸಿ. ಗೊಬ್ಬರ ಹಾಕಿದ ತೋಟದ ಬಾವಿ ನೀರಿನಲ್ಲಿ ನೈಟ್ರೇಟ್ ಇರಬಹುದು. ಏಸಿಯಿಂದ ತೊಟ್ಟಿಕ್ಕುವ ನೀರು ಶುದ್ಧ ಅಂತ ಕೆಲವರು ಹಿಡಿದಿಡುತ್ತಾರೆ. ಅದರಲ್ಲಿ ತಾಮ್ರ ಸೇರಿರಬಹುದು, ಸಿಗಡಿ, ಶಂಖದ ಹುಳುಗಳಿಗೆ ತಾಮ್ರ ವಿಷ.

ಈಗ ಬಲೆ. ಎಲ್ಲರೂ ಎಡವುವುದು ಇಲ್ಲೇ. ಫ್ಯಾನ್ಸಿ ಅಂಗಡಿಯಲ್ಲಿ ಉಲ್ಲನ್ ಬ್ಯಾಗ್ ಹೆಣೆಯಲು ಕೊಡುವ ಗಟ್ಟಿ ಪ್ಲಾಸ್ಟಿಕ್ ನೆಟ್ ತನ್ನಿ. ಸೊಳ್ಳೆ ಬಲೆ ಆಗುವುದಿಲ್ಲ. ಎರಡು ಮೀನಿಗೆ 4 ಇಂಚು ಅಗಲ, 4 ಇಂಚು ಉದ್ದ ಸಾಕು. ನುಣ್ಣಗಿನ ನೆಟ್ಟನ್ನು ಹಾಗೇ ತೂಗುಹಾಕಿದರೆ ಪಾಚಿ ಹಿಡಿಯುವುದಿಲ್ಲ, ಹಿಡಿದರೂ ನೀರಿನ ರಭಸಕ್ಕೆ ಜಾರಿ ಟ್ಯಾಂಕಿಗೇ ಬೀಳುತ್ತದೆ. ಹ್ಯಾಕ್ಸಾ ಬ್ಲೇಡಿನ ಹಲ್ಲಿನಿಂದ ಎರಡೂ ಕಡೆ, ಅಡ್ಡ ಉದ್ದ ಗೀರಿ. ಉಪ್ಪುಕಾಗದ ಸಾಲದು. ಕೈಯಾಡಿಸಿದರೆ ಹಲಸಿನಕಾಯಿಯ ಮೈ ಮುಟ್ಟಿದ ಹಾಗಿರಬೇಕು. ಅರ್ಧ ಗಂಟೆ ಹಿಡಿಯುತ್ತದೆ. ಐದು ನಿಮಿಷದಲ್ಲಿ ಮುಗಿಸಿದವರೆಲ್ಲ ಎರಡನೇ ಸಲ ಮಾಡಿದ್ದಾರೆ, ನಾನೂ ಸೇರಿ. ಉದುರಿದ ಚೂರುಗಳನ್ನು ಚೆನ್ನಾಗಿ ತೊಳೆಯಿರಿ.

ಪಿವಿಸಿ ಪೈಪಿನಲ್ಲಿ 4 ಇಂಚು ಉದ್ದ, 3 ಮಿಲಿಮೀಟರ್ ಅಗಲದ ಸೀಳು ಕೊಯ್ದು ನೆಟ್ಟಿನ ಅಂಚನ್ನು ಅದಕ್ಕೆ ತೂರಿಸಿ. ಪೈಪಿನ ಒಂದು ತುದಿಗೆ ಮುಚ್ಚಳ, ಇನ್ನೊಂದಕ್ಕೆ ಪಂಪು. ಅಗಲದ ಪ್ರತಿ ಇಂಚಿಗೆ ಗಂಟೆಗೆ 130 ಲೀಟರ್ ಲೆಕ್ಕ, ಅಂದರೆ ಸುಮಾರು 520 ಲೀಟರ್. ಎತ್ತರಕ್ಕೆ ಏರುವಾಗ ಪಂಪಿನ ಶಕ್ತಿ ಕುಗ್ಗುವುದರಿಂದ ಸ್ವಲ್ಪ ದೊಡ್ಡದೇ ಇರಲಿ. ಎರಡೂ ಕಡೆ ಹಳದಿ ಛಾಯೆಯ ಬಿಳಿ (ವಾರ್ಮ್ ವೈಟ್) ಎಲ್‌ಇಡಿ, ದಿನಕ್ಕೆ 12ರಿಂದ 16 ಗಂಟೆ. ರಾತ್ರಿ ಉರಿಸಿದರೆ ಒಳ್ಳೆಯದು, ಪಿಎಚ್ ಇಳಿಯುವುದು ಕಡಿಮೆಯಾಗುತ್ತದೆ. ವೈರು ಪ್ಲಗ್ಗಿಗಿಂತ ಕೆಳಗೆ ಜೋತುಬಿದ್ದು ಮೇಲೇರಬೇಕು, ಹನಿ ಅಲ್ಲೇ ಕೆಳಗೆ ಬೀಳುತ್ತದೆ. ಉಪ್ಪುನೀರು, ಕರೆಂಟು, ಹುಷಾರು.

ಮೊದಲ ವಾರ ಕಂದು ಲೋಳೆ. ಇದು ಕೆಟ್ಟಿತು ಅಂತ ಭಾವ ಬಿಚ್ಚಿ ಇಡಲು ಹೊರಟಿದ್ದರು. ಕಾಯಿರಿ. ಎರಡು ಮೂರು ವಾರಕ್ಕೆ ಹಸಿರು ಬರುತ್ತದೆ. ಆಮೇಲೆ ವಾರಕ್ಕೊಮ್ಮೆ ನೆಟ್ಟನ್ನು ಸಿಂಕಿಗೆ ಒಯ್ದು, ಸಿಹಿನೀರಿನಲ್ಲಿ ತೊಳೆದು, ಹಳೇ ಎಟಿಎಂ ಕಾರ್ಡಿನಲ್ಲಿ ಕೆರೆಯಿರಿ. ಪಾಚಿ ತಿನ್ನುವ ಸಣ್ಣ ಹುಳುಗಳು ಸಿಹಿನೀರಿಗೆ ಸಾಯುತ್ತವೆ. ಪೂರ್ತಿ ಬೋಳು ಮಾಡಬೇಡಿ, ತೆಳು ಹಸಿರು ಉಳಿಯಲಿ. ‘ಚೆನ್ನಾಗಿ ಬೆಳೆದಿದೆ’ ಅಂತ ಖುಷಿಯಲ್ಲಿ ಬಿಟ್ಟರೆ ಬುಡಕ್ಕೆ ಬೆಳಕು ಹೋಗದೆ ಕೊಳೆತು, ಹೀರಿದ್ದೆಲ್ಲ ನೀರಿಗೆ ವಾಪಸ್.

ಕಬ್ಬಿಣದ ಆಕ್ಸೈಡ್ ಹರಳು ಫಾಸ್ಫೇಟ್ ಹಿಡಿಯುತ್ತದೆ ನಿಜ. ನಮ್ಮ ಮುರಕಲ್ಲಿನಲ್ಲೂ (ಜಂಬಿಟ್ಟಿಗೆ) ಕಬ್ಬಿಣ ಇದೆಯಲ್ಲ ಅಂತ ಒಬ್ಬರು ಕೇಳಿದರು. ಅದನ್ನು ಹಾಕಿದರೆ ಟ್ಯಾಂಕು ಕೆಂಪು ಕೆಸರು.

ಪರೀಕ್ಷೆ ಕಿಟ್ ಕೊಳ್ಳುವಾಗ ಉಪ್ಪುನೀರಿನ ಬಣ್ಣದ ಪಟ್ಟಿ ಇದೆಯಾ ನೋಡಿ. ನೈಟ್ರೇಟ್ 5ರಿಂದ 10ರ ನಡುವೆ ನಿಂತರೆ ನನಗೆ ಸಾಕು. ಸೊನ್ನೆ ಮಾಡಲು ಹೋಗಬೇಡಿ, ಬಲೆಯ ಪಾಚಿಯೂ ಬಡಕಲಾಗುತ್ತದೆ.

ಕೆರೆದ ಪಾಚಿಯನ್ನು ತೆಂಗಿನ ಬುಡಕ್ಕೆ ಹಾಕುತ್ತೇನೆ. ಉಪ್ಪು ಹೋದರೂ ತೆಂಗಿಗೆ ತೊಂದರೆ ಇಲ್ಲ. ಬಾಳೆಗೆ ಮಾತ್ರ ಬೇಡ.