ಹಡಗಿನ ಹೊಗೆಯ ಲೆಕ್ಕ ಹಾಕುವುದು ಹೇಗೆ?

ಹಡಗಿನ ಹೊಗೆಕೊಳವೆಗೆ ಮೀಟರ್ ಇಡದೆಯೂ ಅದರಿಂದ ಎಷ್ಟು ಮಾಲಿನ್ಯ ಹೊರಬರುತ್ತದೆಂದು ಅಂದಾಜು ಮಾಡಬಹುದು. ಒಂದು ಉದಾಹರಣೆ ಹಿಡಿದು ಮಾಡಿ ನೋಡೋಣ.

ಮುಖ್ಯ ಎಂಜಿನ್ 10,000 ಕಿಲೋವ್ಯಾಟ್. ಗರಿಷ್ಠ ವೇಗ 20 ನಾಟ್. ಹಡಗು 16 ನಾಟ್‌ನಲ್ಲಿ 10 ಗಂಟೆ ಸಾಗಿದೆ ಎಂದಿಟ್ಟುಕೊಳ್ಳಿ. ಈ ವೇಗ ಎಐಎಸ್ ಸಂಕೇತಗಳಿಂದ, ಅಂದರೆ ಹಡಗುಗಳು ತಮ್ಮ ಜಾಗ, ವೇಗಗಳನ್ನು ತಾವೇ ಬಿತ್ತರಿಸುವ ರೇಡಿಯೋ ಸಂಕೇತಗಳಿಂದ ಸಿಗುತ್ತದೆ.

ಮೊದಲು ಎಂಜಿನ್ ಮೇಲಿನ ಹೊರೆ. 16ನ್ನು 20ರಿಂದ ಭಾಗಿಸಿದರೆ 0.8. ಅದರ ಘನ, ಅಂದರೆ 0.8 × 0.8 × 0.8, ತೆಗೆದರೆ 0.512. ಅಂದರೆ ವೇಗ ಐದರಲ್ಲಿ ಒಂದು ಪಾಲು ಇಳಿದರೆ ಸಾಕು, ಬೇಕಾದ ಶಕ್ತಿ ಸುಮಾರು ಅರ್ಧಕ್ಕೆ ಬರುತ್ತದೆ! ಈ ಲೆಕ್ಕದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ. ಈಗ 5,120 ಕಿಲೋವ್ಯಾಟನ್ನು 10 ಗಂಟೆಯಿಂದ ಗುಣಿಸಿ: 51,200 ಯೂನಿಟ್ (ಕಿಲೋವ್ಯಾಟ್-ಗಂಟೆ).

ಮುಂದೆ ಇಂಧನ. ನಿಧಾನವಾಗಿ ತಿರುಗುವ ದೊಡ್ಡ ಡೀಸೆಲ್ ಎಂಜಿನ್‌ಗೆ ಯೂನಿಟ್‌ಗೆ 180 ಗ್ರಾಂ ಹಿಡಿದರೆ ಸುಮಾರು 9.2 ಟನ್ ಆಗುತ್ತದೆ. ಒಂದು ಟನ್ ಫರ್ನೇಸ್ ಎಣ್ಣೆ ಉರಿದರೆ 3.114 ಟನ್ ಕಾರ್ಬನ್ ಡೈಆಕ್ಸೈಡ್. ಹಾಗಾಗಿ ಇಲ್ಲಿ ಸುಮಾರು 28.7 ಟನ್.

ಗಂಧಕದ್ದು ಇನ್ನೂ ಸುಲಭ. ಉರಿದಾಗ ಗಂಧಕ ತನ್ನಷ್ಟೇ ತೂಕದ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ, ಅಲ್ವಾ? ಎಣ್ಣೆಯಲ್ಲಿ 0.50% ಗಂಧಕವಿದ್ದರೆ 46 ಕಿಲೋ ಗಂಧಕಕ್ಕೆ ಸುಮಾರು 92 ಕಿಲೋ ಸಲ್ಫರ್ ಡೈಆಕ್ಸೈಡ್. 2020ರ ಜನವರಿಗೆ ಮೊದಲು ಜಾಗತಿಕ ಮಿತಿ 3.50% ಇತ್ತು. ಅದೇ ಹಡಗು ಆಗ ಇದರ ಏಳು ಪಟ್ಟು ಉಗುಳಬಹುದಿತ್ತು! ನಿಖರ ಅಂಕಿ ಬೇಕಾದರೆ ಎಣ್ಣೆ ತುಂಬಿಸಿದಾಗ ಕೊಡುವ ರಸೀದಿ ನೋಡಿ. ಹೊಗೆ ತೊಳೆಯುವ ಸ್ಕ್ರಬ್ಬರ್ ಇದ್ದರೆ ಲೆಕ್ಕ ಬೇರೆ.

ನೈಟ್ರೋಜನ್ ಆಕ್ಸೈಡ್‌ಗಳಿಗೆ ಮಾತ್ರ ಎಣ್ಣೆಯ ರಸೀದಿ ಸಾಲದು. ಅವು ಎಂಜಿನ್ನಿನ ಬಿಸಿಯಲ್ಲಿ ಗಾಳಿಯಿಂದಲೇ ಹುಟ್ಟುತ್ತವೆ. ನಿಮಿಷಕ್ಕೆ 130 ಸುತ್ತಿಗಿಂತ ನಿಧಾನದ ಎಂಜಿನ್‌ಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ (ಐಎಂಒ) ಎರಡನೇ ಹಂತದ (ಟಿಯರ್ 2) ಮಿತಿ ಯೂನಿಟ್‌ಗೆ 14.4 ಗ್ರಾಂ. ಆ ಲೆಕ್ಕದಲ್ಲಿ ಸುಮಾರು 737 ಕಿಲೋ.

ಇಲ್ಲಿಗೇ ನಿಲ್ಲಿಸಬೇಡಿ. ಬಂದರಿನಲ್ಲಿ ಹಡಗು ಸುಮ್ನೆ ನಿಂತಿದ್ದರೂ ಸಹಾಯಕ ಎಂಜಿನ್, ಬಾಯ್ಲರ್ ಉರಿಯುತ್ತಲೇ ಇರುತ್ತವೆ. ಜನವಸತಿಗೆ ಹತ್ತಿರದ ಹೊಗೆ ಅದು. ವೇಗ ಸೊನ್ನೆಯಾದ್ದರಿಂದ ಮೇಲಿನ ಸೂತ್ರಕ್ಕೆ ಅದು ಕಾಣುವುದೇ ಇಲ್ಲ! ಅವುಗಳ ಹೊರೆಯನ್ನೂ ನಿಂತ ಗಂಟೆಗಳನ್ನೂ ಬೇರೆಯಾಗಿ ಗುಣಿಸಿ ಸೇರಿಸಿ. ಬಂದರಿನೊಳಗೆ ಮೆಲ್ಲಗೆ ಸಾಗುವಾಗ ಹೊರೆ 20%ಕ್ಕಿಂತ ಕೆಳಗಿಳಿದರೆ ಎಣ್ಣೆ ಸರಿಯಾಗಿ ಉರಿಯದೆ ಯೂನಿಟ್‌ಗೆ ಬರುವ ಹೊಗೆ ಜಾಸ್ತಿಯಾಗುತ್ತದೆ. ಅಲ್ಲಿ ಯೂನಿಟ್‌ಗೆ ಇಷ್ಟು ಗ್ರಾಂ ಎಂಬ ಗುಣಾಂಕವನ್ನು ಏರಿಸಿಯೇ ಲೆಕ್ಕ ಹಾಕಬೇಕು.