ಸಿಝಡ್ ಎಸ್‌ಪಿ-01 ಪಿಸ್ತೂಲು ತಗೊಂಡು ಐದು ವರ್ಷ ಆಯ್ತು, ನನ್ನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ನಾನು ದೊಡ್ಡ ಶೂಟರ್ ಏನಲ್ಲ. ಡಲ್ಲಾಸ್ ಪಕ್ಕ ಪ್ಲೇನೋದಲ್ಲಿರೋ ಸಾಫ್ಟ್‌ವೇರ್ ಮನುಷ್ಯ, ಎರಡು ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಇನ್‌ಡೋರ್ ರೇಂಜಿಗೆ ಹೋಗಿ ನೂರು ಗುಂಡು ಹೊಡ್ದು, ವಾಪಸ್ ಬರ್ತಾ ದೋಸೆ ತಿಂದು ಮನೆ ಸೇರೋನು. ಆದ್ರೆ ಟಾರ್ಗೆಟ್ ಹೊಡಿಯೋಕೆ ಫುಲ್ ಸೈಜ್ ಪಿಸ್ತೂಲು ಯಾವ್ದು ತಗೊಳ್ಳಲಿ ಅಂತ ಇಲ್ಲಿ ಗ್ರೀನ್ ಕಾರ್ಡ್ ಬಂದ ನಮ್ಮ ಹುಡುಗ್ರು ಒಬ್ಬರಾದ ಮೇಲೆ ಒಬ್ಬರು ಕೇಳ್ತಾನೇ ಇರ್ತಾರೆ, ಪ್ರತಿ ಸಲ ಫೋನಲ್ಲಿ ಅರ್ಧ ಗಂಟೆ ಅದನ್ನೇ ಹೇಳೋ ಬದ್ಲು ಒಂದ್ಸಲ ಬರ್ದಿಟ್ರೆ ಆಯ್ತು ಅಂತ ಕೂತಿದೀನಿ.

ನಮ್ಮೂರು ಮಡಿಕೇರಿ ಹತ್ರ. ಕೊಡಗಲ್ಲಿ ಹುಟ್ಟಿದೋನಿಗೆ ಕೋವಿ ಹೊಸದಲ್ಲ, ಮನೇಲಿ ಅಪ್ಪನ ಒಂಟಿ ನಳಿಗೆ ತೋಟದ ಕೋವಿ ಇತ್ತು, ಹಂದಿ ಬಂದ್ರೆ ಹೆದ್ರಿಸೋಕೆ, ಎಲೆಕ್ಷನ್ ಬಂದ್ರೆ ಸ್ಟೇಷನ್ನಿಗೆ ಹೊತ್ಕೊಂಡು ಹೋಗಿ ಠೇವಣಿ ಇಟ್ಟು ರಶೀದಿ ತರೋಕೆ. ಕೈಲ್ ಪೊಳ್ದ್ ಹಬ್ಬಕ್ಕೆ ಕೊಡವ ಗೆಳೆಯರ ಜೊತೆ ಹೋಗಿ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡೋದನ್ನ ನೋಡಿ ಬೆಳ್ದಿದೀನಿ. ಆದ್ರೆ ಪಿಸ್ತೂಲು ಅಂದ್ರೆ ಬೇರೆ ವಿಷ್ಯ. ನಾನು ಹೇಳ್ತಿರೋ ಪಿಸ್ತೂಲುಗಳ ಗುಂಡಿನ ಅಳತೆ 9 ಎಂಎಂ, ಇಂಡಿಯಾದಲ್ಲಿ ಅದು ಪ್ರೊಹಿಬಿಟೆಡ್ ಬೋರ್, ಅಂದ್ರೆ ನಿಷೇಧಿತ ಅಳತೆ, ನಮ್ಮಂಥ ಸಾಮಾನ್ಯ ಜನಕ್ಕೆ ಲೈಸೆನ್ಸೇ ಸಿಗಲ್ಲ. ಇಲ್ಲಿಗೆ ಬಂದ್ಮೇಲೂ ಎಚ್-1ಬಿ ಇರೋವರೆಗೆ ಮುಟ್ಟೋ ಹಾಗಿರಲಿಲ್ಲ, ಫೆಡರಲ್ ಕಾನೂನಲ್ಲಿ ವೀಸಾದವರಿಗೆ ನಿಷೇಧ, ಹಂಟಿಂಗ್ ಲೈಸೆನ್ಸ್ ಇದ್ರೆ ಒಂದು ವಿನಾಯಿತಿ ಇದೆ ಅಷ್ಟೆ. ಅದ್ರ ಉಸಾಬರಿ ಬೇಡ ಅಂತ ಸುಮ್ನಿದ್ದೆ. ಹಾಗಾಗಿ ಒಂದೂ ಗುಂಡು ಹೊಡೀದೆ ಎಷ್ಟೋ ವರ್ಷ ಬರೀ ಮಂದಿ ಅಭಿಪ್ರಾಯ ಕೇಳ್ತಾ ಕಾಲ ಕಳ್ದೆ. ಆಫೀಸಲ್ಲಿ ಒಬ್ಬ ಗ್ಲಾಕ್ 17 ಬಿಟ್ರೆ ಬೇರೆ ಪಿಸ್ತೂಲೇ ಇಲ್ಲ ಅನ್ನೋನು, ಇನ್ನೊಬ್ಬ ಹಳೇ ಮಿಲಿಟರಿ ಮನುಷ್ಯ ಬೆರೆಟ್ಟಾ 92 ಬಿಟ್ಟು ಮಾತಾಡ್ತಿರಲಿಲ್ಲ, ಮೂರನೇವ್ನು ಈ ಜೆಕ್ ದೇಶದ ಸಿಝಡ್‌ನ ಹೊಗಳಿ ಹೊಗಳಿ ಅಟ್ಟಕ್ಕೇರಿಸೋನು. ಮೂರೂ ಜನ ಅವರವರ ಪಿಸ್ತೂಲಲ್ಲಿ ಚೆನ್ನಾಗೇ ಹೊಡಿಯೋರು, ಅದೇ ತಲೆನೋವು.

2021ರಲ್ಲಿ ಕಾರ್ಡ್ ಕೈಗೆ ಬಂತು. ಬಂದ ವಾರವೇ ರೇಂಜಲ್ಲಿ ಬಾಡಿಗೆಗೆ ಮೂರನ್ನೂ ತಗೊಂಡು ಒಂದೇ ದಿನ ಹೊಡ್ದು ನೋಡ್ದೆ. ಯಾರೇ ಕೇಳಿದ್ರೂ ನಾನು ಮೊದ್ಲು ಹೇಳೋದು ಇದನ್ನೇ, ತಗೊಳ್ಳೋ ಮುಂಚೆ ಬಾಡಿಗೆ ತಗೊಂಡು ಹೊಡೀರಿ, ಐವತ್ತು ಗುಂಡಿಗೆ ನಿಮ್ಮ ಕೈಯೇ ಹೇಳುತ್ತೆ. ಗ್ಲಾಕ್ ಹಗುರ, ಗುಂಡು ತುಂಬೋ ಮ್ಯಾಗಜಿನ್ ಖಾಲಿ ಇದ್ದಾಗ ಅದೂ ಸೇರಿ ಸುಮಾರು 700 ಗ್ರಾಂ, ಹಿಡಿ ಸ್ವಲ್ಪ ಹಿಂದಕ್ಕೆ ವಾಲಿದೆ, ನಾನು ಕಣ್ಮುಚ್ಚಿ ಎತ್ತಿ ಹಿಡಿದು ಕಣ್ಬಿಟ್ರೆ ಪ್ರತಿ ಸಲ ಮೂತಿ ಮೇಲಕ್ಕೆ ನೋಡ್ತಿತ್ತು. ಬೆರೆಟ್ಟಾ ತುಂಬಾ ನಯ, ಆದ್ರೆ ಹಿಡಿ ದಪ್ಪ, ನನ್ನ ಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕ್ತಿರಲಿಲ್ಲ. ಸಿಝಡ್ 75 ಎಸ್‌ಪಿ-01 ಕೈಗೆ ತಗೊಂಡಾಗ ಮಾತ್ರ ಇದೇನಪ್ಪಾ ಕಬ್ಬಿಣದ ಗುದ್ದಲಿ ಇದ್ದಂಗಿದೆ ಅನ್ನಿಸ್ತು, ಪೂರ್ತಿ ಸ್ಟೀಲು, ಸುಮಾರು 1.18 ಕೆಜಿ. ಮ್ಯಾಗಜಿನ್ನಿಗೆ 18 ಗುಂಡು ತುಂಬಿದ್ರೆ ಇನ್ನೂ ಭಾರ. ಆದ್ರೆ ಹಿಡಿ ಮಾತ್ರ ಯಾರೋ ನನ್ನ ಅಂಗೈ ಅಳತೆ ತಗೊಂಡು ಮಾಡಿದಂಗೆ ಕೂತ್ಕೊಳ್ತು. ಹೊಡ್ದೆ. ಹತ್ತು ಗಜದಲ್ಲಿ ಗ್ಲಾಕಿಂದು ಊಟದ ತಟ್ಟೆಯಷ್ಟಗಲ ಚದುರಿತ್ತು, ಇದ್ರದ್ದು ಕಾಫಿ ಲೋಟದ ಬಾಯಷ್ಟು. ಅವತ್ತೇ ಮುಗೀತು ಚರ್ಚೆ. ಕೋವಿ ಕೊಳ್ಳೋರು ತುಂಬೋ ಫೆಡರಲ್ ಫಾರ್ಮ್ 4473 ತುಂಬಿಸಿ, ಬ್ಯಾಕ್‌ಗ್ರೌಂಡ್ ಚೆಕ್ ಮುಗಿಸಿ, ಟ್ಯಾಕ್ಸ್ ಸೇರಿ 700 ಡಾಲರ್ ಚಿಲ್ರೆ ಕೊಟ್ಟು ತಂದೆ. ಹೆಂಡ್ತಿ ಕೇಳಿದ ಮೊದಲ ಪ್ರಶ್ನೆ ಸೇಫ್ ಎಲ್ಲಿ, ಅದು 200 ಡಾಲರ್ ಬೇರೆ.

ಇದ್ರ ಕತೆ ಸ್ವಲ್ಪ ಹೇಳ್ಬೇಕು. ಮೂಲ ಸಿಝಡ್ 75ನ ಡಿಸೈನ್ ಮಾಡಿದ್ದು ಜೋಸೆಫ್ ಮತ್ತೆ ಫ್ರಾಂಟಿಶೆಕ್ ಕೌಟ್ಸ್ಕಿ ಅನ್ನೋ ಅಣ್ಣತಮ್ಮಂದಿರು, ಹೆಸರೇ ಹೇಳೋ ಹಾಗೆ 1975ರದ್ದು, ಫ್ಯಾಕ್ಟರಿ ಇರೋದು ಉಹೆರ್ಸ್ಕಿ ಬ್ರೋಡ್ ಅನ್ನೋ ಊರಲ್ಲಿ. ಕಮ್ಯುನಿಸ್ಟ್ ಕಾಲ, ಪೇಟೆಂಟನ್ನ ಗುಟ್ಟಾಗಿಟ್ಬಿಟ್ರು, ಹೊರಗಡೆ ಯಾರೂ ರಿಜಿಸ್ಟರ್ ಮಾಡಿಸ್ಲಿಲ್ಲ, ಇಟಲಿಯಿಂದ ಹಿಡಿದು ಎಲ್ಲರೂ ಆರಾಮಾಗಿ ನಕಲು ಹೊಡ್ಕೊಂಡ್ರು. ಇದ್ರ ಮುಖ್ಯ ಗುಣ ಏನಂದ್ರೆ ಬೇರೆ ಹೆಚ್ಚಿನ ಪಿಸ್ತೂಲುಗಳಲ್ಲಿ ಹಿಂದೆ ಮುಂದೆ ಜಾರೋ ಮೇಲಿನ ಭಾಗ, ಅಂದ್ರೆ ಸ್ಲೈಡು, ಕೆಳಗಿನ ಫ್ರೇಮನ್ನ ಹೊರಗಿಂದ ತಬ್ಕೊಂಡು ಓಡಾಡುತ್ತೆ, ಇದ್ರಲ್ಲಿ ಫ್ರೇಮಿನ ಒಳಗೆ, ಚರಂಡಿಯಲ್ಲಿ ನೀರು ಹೋದಂಗೆ ಓಡಾಡುತ್ತೆ. ಅದಕ್ಕೇ ಅಲುಗಾಟ ಕಮ್ಮಿ. ಆದ್ರೆ ಅದ್ರಿಂದಲೇ ಒಂದು ತೊಂದ್ರೆನೂ ಇದೆ, ಹೊರಗೆ ಕಾಣೋ ಸ್ಲೈಡು ಗಿಡ್ಡ, ಹಿಡ್ಕೊಂಡು ಹಿಂದಕ್ಕೆ ಎಳೆಯೋಕೆ ಜಾಗವೇ ಇಲ್ಲ. ಬೆವರು ಕೈಯಲ್ಲಿ ಜಾರುತ್ತೆ. ನನ್ನ ಹೆಂಡ್ತಿ ಎರಡು ಸಲ ಟ್ರೈ ಮಾಡಿ, ಉಪ್ಪಿನಕಾಯಿ ಭರಣಿ ಮುಚ್ಚಳ ಇದಕ್ಕಿಂತ ಸಲೀಸು ಅಂತ ವಾಪಸ್ ಕೊಟ್ಲು.

ಭಾರದ ಬಗ್ಗೆ ಮಾಲೀಕರು ಎರಡು ಪಾರ್ಟಿ. ಸೊಂಟಕ್ಕೆ ಕಟ್ಕೊಂಡು ಓಡಾಡೋರು ಶಾಪ ಹಾಕ್ತಾರೆ, ಅವರ ಮಾತು ಸರಿಯೇ. ಬರೀ ಪೇಪರ್‌ಗೆ ಹೊಡಿಯೋ ನಮ್ಮಂಥೋರಿಗೆ ಭಾರವೇ ಬಂಡವಾಳ. ಮೂತಿ ಕೆಳಗಿನ ಭಾಗ ಪೂರ್ತಿ ಮುಂದಿನವರೆಗೂ ಬಂದಿದೆ, ಅಲ್ಲಿನ ತೂಕ ಗುಂಡು ಹಾರಿದ ಕೂಡ್ಲೇ ಮೂತಿ ಮೇಲೇಳೋದನ್ನ ತಡಿಯುತ್ತೆ, ಗುರಿ ನೋಡೋ ಸೈಟು ತಾನಾಗೇ ಕಪ್ಪು ಚುಕ್ಕೆ ಮೇಲೆ ವಾಪಸ್ ಬಂದು ಕೂರುತ್ತೆ. ನೂರು ಗುಂಡಾದ ಮೇಲೆ ಭುಜ ನೋಯೋದು ನಿಜ, ಆದ್ರೆ ಅಂಗೈ ನೋಯಲ್ಲ. ಹಗುರ ಪಿಸ್ತೂಲಲ್ಲಿ ಇದ್ರ ಉಲ್ಟಾ.

ಈಗ ಅಸಲಿ ಜಗಳಕ್ಕೆ ಬರೋಣ, ಟ್ರಿಗರ್. ಇದು ಡಬಲ್ ಆಕ್ಷನ್, ಸಿಂಗಲ್ ಆಕ್ಷನ್ ಎರಡೂ ಇರೋದು. ಹ್ಯಾಮರ್, ಅಂದ್ರೆ ಹಿಂದಿಂದ ಬಡಿಯೋ, ಊರಲ್ಲಿ ಕೋವಿ ಕುದುರೆ ಅಂತೀವಲ್ಲ ಅದು, ಇಳಿದಿದ್ರೆ ಮೊದಲ ಗುಂಡಿಗೆ ಟ್ರಿಗರ್ ಉದ್ದಕ್ಕೆ, ಗಟ್ಟಿಯಾಗಿ, ಬಾವಿಯಿಂದ ಕೊಡ ಸೇದಿದಂಗೆ ಎಳೀಬೇಕು. ಎರಡನೇ ಗುಂಡಿಂದ ಕುದುರೆ ತಾನೇ ನಿಂತಿರುತ್ತೆ, ಉಸಿರು ತಾಕಿದ್ರೆ ಸಾಕು ಅನ್ನೋ ಹಾಗೆ ಹಗುರ. ಈ ವ್ಯತ್ಯಾಸ ಕೆಲವರಿಗೆ ಜೀವ, ಕೆಲವರಿಗೆ ಶತ್ರು. ನನಗೆ ಮೊದಲ ವರ್ಷ ಪೂರ್ತಿ ಶತ್ರುವೇ. ಪ್ರತಿ ಪೇಪರಲ್ಲೂ ಅದೇ ಚಿತ್ರ, ನಡುವೆ ಒಂದು ಗುಂಪು, ಎಡಗಡೆ ಕೆಳಗೆ ಒಂದೇ ಒಂದು ಅನಾಥ ತೂತು.

ಇಲ್ಲೇ ನಾನು ದಡ್ಡತನ ಮಾಡಿದ್ದು. ಗಟ್ಟಿ ಇದ್ರೆ ಹಗುರ ಮಾಡ್ಬೇಕು ಅಂತ ಎಲ್ಲರೂ ಹೇಳ್ತಾರೆ, ಹಗುರದ ಹ್ಯಾಮರ್ ಸ್ಪ್ರಿಂಗ್ ತರಿಸಿ ಹಾಕಿಸ್ಕೊಂಡೆ. ಆಹಾ, ಬೆಣ್ಣೆ! ಒಂದು ವಾರ ಸ್ವರ್ಗದಲ್ಲಿದ್ದೆ. ಆಮೇಲೆ ಒಂದು ಶನಿವಾರ ಬೇರೆ ಬ್ರ್ಯಾಂಡ್ ಗುಂಡು ತಗೊಂಡು ಹೋಗಿದ್ದೆ, ಆ ಟೈಮಲ್ಲಿ ಕೊರೊನಾ ಅಭಾವ ಇನ್ನೂ ಮುಗ್ದಿರಲಿಲ್ಲ, ಅಂಗಡೀಲಿ ಏನು ಸಿಕ್ತೋ ಅದು. ಟ್ರಿಗರ್ ಎಳ್ದೆ, ಟಕ್ ಅಂತು, ಗುಂಡು ಹೋಗ್ಲಿಲ್ಲ. ಮೂತಿ ಟಾರ್ಗೆಟ್ ಕಡೆಗೇ ಇಟ್ಕೊಂಡು ಅರ್ಧ ನಿಮಿಷ ಕಾದೆ, ತಡವಾಗಿ ಸಿಡಿಯೋ ಗುಂಡೂ ಇರುತ್ತೆ ಅಂತ ಮೊದಲ ದಿನವೇ ಹೇಳ್ಕೊಟ್ಟಿದ್ರು. ತೆಗ್ದು ನೋಡಿದ್ರೆ ಪ್ರೈಮರ್, ಅಂದ್ರೆ ಗುಂಡಿನ ಹಿಂಬದಿ ಹೊಡೆತಕ್ಕೆ ಕಿಡಿ ಹತ್ತೋ ಸಣ್ಣ ಬಿಲ್ಲೆ, ಅದರ ಮೇಲೆ ಸೊಳ್ಳೆ ಕಚ್ಚಿದಂಗೆ ಸಣ್ಣ ಗುಳಿ. ಐವತ್ತರಲ್ಲಿ ಏಳು ಹಾಗಾಯ್ತು. ಕೆಲವು ಕಂಪನಿ ಪ್ರೈಮರ್ ಮೆತ್ತಗೆ, ಕೆಲವು ಗಟ್ಟಿ, ಹಗುರ ಸ್ಪ್ರಿಂಗಿನ ಹೊಡೆತ ಗಟ್ಟಿಯದಕ್ಕೆ ಸಾಕಾಗಲ್ಲ. 5 ಡಾಲರ್ ಸ್ಪ್ರಿಂಗಿನ ಹೆಸರಲ್ಲಿ ಮೆತ್ತಗಿನ ಪ್ರೈಮರಿನ ದುಬಾರಿ ಗುಂಡನ್ನೇ ಜೀವಮಾನವಿಡೀ ಕೊಳ್ಳೋ ಹಾಗಾಯ್ತಲ್ಲ ಅಂತ ವಾಪಸ್ ಫ್ಯಾಕ್ಟರಿ ಸ್ಪ್ರಿಂಗೇ ಹಾಕಿಸ್ದೆ.

ಆಮೇಲೆ ಮಾಡಿದ್ದು ಮನೇಲಿ ಡ್ರೈ ಫೈರ್, ಅಂದ್ರೆ ನಿಜವಾದ ಗುಂಡಿಲ್ದೆ ಟ್ರಿಗರ್ ಎಳೆಯೋ ಅಭ್ಯಾಸ. ಗುಂಡಿನ ಡಬ್ಬಿ ಬೇರೆ ರೂಮಲ್ಲಿ, ಗುಂಡು ಕೂರೋ ಚೇಂಬರ್ ಮೂರು ಸಲ ನೋಡಿ, ಸ್ನ್ಯಾಪ್ ಕ್ಯಾಪ್ ಅನ್ನೋ ಡಮ್ಮಿ ಗುಂಡು ಹಾಕಿ, ಹೊರಗೋಡೆ ಕಡೆ ದಿನಾ ರಾತ್ರಿ ಹತ್ತು ನಿಮಿಷ ಬರೀ ಮೊದಲ ಉದ್ದ ಎಳೆತ. ಡಮ್ಮಿ ಬೇಕೇ ಬೇಕು, ಖಾಲಿ ಹೊಡೀತಾ ಹೋದ್ರೆ ಇದ್ರಲ್ಲಿ ಪ್ರೈಮರ್‌ಗೆ ಚುಚ್ಚೋ ಫೈರಿಂಗ್ ಪಿನ್ ತಡೆಯೋ ಸಣ್ಣ ರೋಲ್ ಪಿನ್ ಬಗ್ಗಿ ಹಾಳಾಗುತ್ತೆ ಅಂತ ಹಳೇ ಮಾಲೀಕರು ಹೇಳಿದ್ದು ನಿಜ. ಮುಂದಿನ ಸೈಟ್ ಮೇಲೆ ಒಂದು ಖಾಲಿ ಕಾಟ್ರಿಜ್ ನಿಲ್ಲಿಸಿ, ಅದು ಬೀಳದ ಹಾಗೆ ಎಳಿಯೋದು. ನಾಲ್ಕು ತಿಂಗಳು. ಅನಾಥ ತೂತು ನಿಧಾನಕ್ಕೆ ಗುಂಪಿನ ಕಡೆ ನಡ್ಕೊಂಡು ಬಂತು, ಪೂರ್ತಿ ಸೇರಿದೆ ಅಂತ ಹೇಳಲ್ಲ.

ಸೇಫ್ಟಿ ವಿಷ್ಯ ಹೊಸಬರಿಗೆ ಒಂದು ಮಾತು. ನನ್ನ ಮಾಡೆಲಲ್ಲಿ ಮ್ಯಾನ್ಯುಯಲ್ ಸೇಫ್ಟಿ ಇದೆ, ಅದು ಹ್ಯಾಮರ್ ನಿಂತಿದ್ದಾಗ ಮಾತ್ರ ಹತ್ತುತ್ತೆ. ಗುಂಡು ಒಳಗಿದ್ದಾಗ ಹ್ಯಾಮರ್ ಇಳಿಸ್ಬೇಕಾದ್ರೆ ಹೆಬ್ಬೆರಳಲ್ಲಿ ಹಿಡ್ಕೊಂಡು ಟ್ರಿಗರ್ ಒತ್ತಿ ಮೆಲ್ಲಗೆ ಬಿಡ್ಬೇಕು, ಹೆಬ್ಬೆರಳು ಜಾರಿದ್ರೆ ಗುಂಡು ಹೋಗೇ ಹೋಗುತ್ತೆ. ನನಗದು ಇವತ್ತಿಗೂ ಇಷ್ಟ ಇಲ್ಲ, ಮಾಡೋದಿದ್ರೆ ರೇಂಜಲ್ಲೇ, ಮೂತಿ ಟಾರ್ಗೆಟ್ ಕಡೆಗೇ. ಹ್ಯಾಮರನ್ನ ಸಣ್ಣ ಲಿವರಲ್ಲೇ ಇಳಿಸೋ ಡಿಕಾಕರ್ ಇರೋ ಟ್ಯಾಕ್ಟಿಕಲ್ ಅನ್ನೋ ಮಾಡೆಲ್ಲೂ ಬರುತ್ತೆ. ಮತ್ತೆ ತಗೊಳ್ಳೋದಾದ್ರೆ ಅದನ್ನೇ ತಗೊಳ್ತೀನೇನೋ.

ರಿಪೇರಿ ಅಂತ ಹೇಳೋಕೆ ಒಂದೇ. ಆರು ಸಾವಿರ ಗುಂಡು ದಾಟಿದ ಮೇಲೆ ಒಂದಿನ ಬಿಚ್ಚಿ ಒರೆಸ್ತಿದ್ದಾಗ ಸ್ಲೈಡನ್ನ ಹಿಡಿದಿಡೋ ಸ್ಲೈಡ್ ಸ್ಟಾಪ್ ಪಿನ್ನಲ್ಲಿ ಕೂದಲಂಥ ಬಿರುಕು ಕಂಡಿತು. ಹೆದರ್ಕೊಂಡೆ. ಜಾಸ್ತಿ ಹೊಡಿಯೋ ಹಳಬ್ರನ್ನ ಕೇಳಿದ್ರೆ ನಕ್ಕು, ಅದು ಚಪ್ಪಲಿ ಉಂಗುಷ್ಠ ಇದ್ದಂಗೆ ಕಣಯ್ಯ, ಸವೆಯೋಕೇ ಇರೋದು, ಬ್ಯಾಗಲ್ಲಿ ಯಾವಾಗ್ಲೂ ಒಂದು ಎಕ್ಸ್‌ಟ್ರಾ ಇಟ್ಕೋ ಅನ್ನೋ ಅರ್ಥದಲ್ಲಿ ಹೇಳಿದ್ರು. ಹೊಸದು ಹಾಕ್ದೆ, ಜೊತೆಗೆ ಸ್ಲೈಡನ್ನ ವಾಪಸ್ ತಳ್ಳೋ ರಿಕಾಯಿಲ್ ಸ್ಪ್ರಿಂಗೂ ಬದಲಾಯಿಸ್ದೆ. ಅದು ಬಿಟ್ರೆ ಐದು ವರ್ಷದಲ್ಲಿ ಕಿರಿಕಿರಿ ಕೊಟ್ಟಿಲ್ಲ. ಗುಂಡಿನ ತೂಕ 115 ಗ್ರೇನ್, 124 ಗ್ರೇನ್ ಏನಿದ್ರೂ ನುಂಗುತ್ತೆ, ನನ್ನ ಕೈಗೆ 124 ಸ್ವಲ್ಪ ಚೆನ್ನಾಗಿ ಗುಂಪು ಕಟ್ಟುತ್ತೆ.

2016ರಲ್ಲಿ ಬಂದ ಇದ್ರ ದೊಡ್ಡಣ್ಣ ಶ್ಯಾಡೋ 2 ಬಗ್ಗೆನೂ ಕೇಳ್ತಾರೆ, ಗೆಳೆಯನದ್ದು ಹೊಡ್ದಿದೀನಿ. 1.33 ಕೆಜಿ, ಟ್ರಿಗರ್ ಇನ್ನೂ ಸಲೀಸು, ಟ್ರಿಗರ್ ಎಳೆಯದೆ ಫೈರಿಂಗ್ ಪಿನ್ ಮುಂದೆ ಹೋಗದಂಗೆ ತಡೆಯೋ ಬ್ಲಾಕ್ ಇಲ್ಲ, ಪಕ್ಕಾ ಸ್ಪರ್ಧೆ ಸಾಮಾನು. ಬೆಲೆನೂ ಹಾಗೇ. ಅದ್ರಲ್ಲೂ ನನ್ನ ಮೊದಲ ಗುಂಡು ಎಡಕ್ಕೇ ಹೋಯ್ತು, ಆ ದುಡ್ಡಲ್ಲಿ ಗುಂಡು ತಗೊಂಡು ಪ್ರಾಕ್ಟೀಸ್ ಮಾಡೋಣ ಅಂತ ಸುಮ್ಮನಾದೆ.

ಹೋದ ಬೇಸಿಗೇಲಿ ಅಪ್ಪ ಬಂದಿದ್ರು. ವಿಸಿಟರ್ ವೀಸಾ, ಅದೇ ಕಾನೂನು, ಬಾಡಿಗೆ ಪಿಸ್ತೂಲು ಕೂಡ ಮುಟ್ಟೋ ಹಾಗಿಲ್ಲ. ಐವತ್ತು ವರ್ಷ ಕೋವಿ ಇಟ್ಕೊಂಡಿರೋ ಮನುಷ್ಯ ಗಾಜಿನ ಆಚೆ ಕಿವಿಗೆ ಮಫ್ ಹಾಕ್ಕೊಂಡು ಕುರ್ಚೀಲಿ ಕೂತಿದ್ರು, ನಂಗೇ ಒಂಥರಾ ಆಯ್ತು. ನಾನು ಅಂದು ಜಂಬದಲ್ಲಿ ಹದಿನೈದು ಗಜಕ್ಕೆ ಹೊಡ್ದು ಪೇಪರ್ ಮಡಚ್ಕೊಂಡು ಬಂದು ಕೊಟ್ಟೆ. ಅಪ್ಪ ಕನ್ನಡಕ ಮೇಲೇರಿಸಿ ನೋಡಿದ್ರು, ನಡುವಿನ ಗುಂಪನ್ನ ಲೆಕ್ಕಕ್ಕೇ ತಗೊಳ್ಲಿಲ್ಲ, ಎಡಗಡೆ ಕೆಳಗೆ ಇದ್ದ ಒಂದು ತೂತಿನ ಮೇಲೆ ಬೆರಳಿಟ್ರು.

"ಇದು ಮೊದಲ್ನೇದು ಅಲ್ವಾ? ಕುದುರೆ ಬೀಳೋ ಮುಂಚೆನೇ ಸದ್ದಿಗೆ ಹೆದರ್ತೀಯ ನೀನು. ಚಿಕ್ಕೋನಿದ್ದಾಗ್ಲೂ ಹಂಗೇ."